ಹಳೆಯ ಅಂಬಾಸಿಡರ್, ಮನೆಯಂಗಳ ಮತ್ತು ಇಂಜಿನ್ ಆಯಿಲ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ತಂದೆಯವರು ಕೊಂಡಿದ್ದ 1978ರ ಅಂಬಾಸಿಡರ್ ಮಾರ್ಕ್ 3 ಗಾಡಿಯನ್ನು ಇಂದಿಗೂ ಇಟ್ಟುಕೊಂಡಿದ್ದೇವೆ. ತಿಂಗಳಿಗೊಮ್ಮೆ ಹುಬ್ಬಳ್ಳಿಗೆ ಹೋಗಿ ಬರುವುದನ್ನು ಬಿಟ್ಟರೆ ಹೆಚ್ಚು ಓಡಿಸುವುದಿಲ್ಲ. ಇನ್ನು ಮುಂದೆ ಇಂಜಿನ್ ಆಯಿಲನ್ನು ಮನೆಯಲ್ಲಿ ನಾನೇ ಬದಲಿಸಬೇಕೆಂದಿದ್ದೇನೆ. ಒಬ್ಬರು 5ಡಬ್ಲ್ಯು-30 ಸಿಂಥೆಟಿಕ್ ಹಾಕಿರಿ ಎನ್ನುತ್ತಾರೆ, ಇನ್ನೊಬ್ಬರು ಲಾರಿಗೆ ಹಾಕುವ ಆಯಿಲೇ ಒಳ್ಳೆಯದು ಎನ್ನುತ್ತಾರೆ. ಯಾವುದನ್ನು ಹಾಕಲಿ? ಕೆಲಸದ ಕ್ರಮವನ್ನೂ ದಯವಿಟ್ಟು ತಿಳಿಸಿರಿ.
– ಓದುಗರೊಬ್ಬರು, ಮಾಳಮಡ್ಡಿ, ಧಾರವಾಡ

ಉತ್ತರ: ನಿಮ್ಮ ಗಾಡಿಗೆ 5ಡಬ್ಲ್ಯು-30ಕ್ಕಿಂತ ದಪ್ಪನೆಯ, 20ಡಬ್ಲ್ಯು-50 ದರ್ಜೆಯ ಮಿನರಲ್ ಆಯಿಲ್ (ಕಚ್ಚಾ ತೈಲದಿಂದ ತೆಗೆದ ಸಾದಾ ಆಯಿಲ್) ಹಾಕಿರಿ. ಅದರಲ್ಲಿರುವುದು ಬ್ರಿಟನ್ನಿನ ಬಿಎಂಸಿ ಕಂಪನಿ ರೂಪಿಸಿದ 1489 ಸಿಸಿಯ ಇಂಜಿನ್. ಇಂದಿನ ಇಂಜಿನ್‌ಗಳಲ್ಲಿ ಬೇರಿಂಗ್ ಮತ್ತು ಕ್ರ್ಯಾಂಕ್‌ಗಳ (ಪಿಸ್ಟನ್ನುಗಳ ಬಲದಿಂದ ತಿರುಗುವ ಮುಖ್ಯ ದಂಡ) ನಡುವೆ ಇರುವಷ್ಟು ಕಿರಿದಾದ ಸಂದು ಅದರಲ್ಲಿಲ್ಲ, ಇಷ್ಟು ವರ್ಷ ಓಡಿದ ಮೇಲೆ ಆ ಸಂದು ಇನ್ನಷ್ಟು ಹಿಗ್ಗಿರುತ್ತದೆ. ತೆಳುವಾದ ಆಯಿಲ್ ಅಲ್ಲಿ ನಿಲ್ಲದೆ ಹರಿದುಹೋಗುವುದರಿಂದ ಪ್ರೆಶರ್ ಇಳಿಯುತ್ತದೆ. ಕ್ರ್ಯಾಂಕಿನ ಹಿಂಬದಿಗೆ ಈ ಇಂಜಿನ್ನಿನಲ್ಲಿ ರಬ್ಬರ್ ಸೀಲ್ ಇಲ್ಲ, ಹೊರಬರಲು ನೋಡುವ ಆಯಿಲನ್ನು ಹಿಂದಕ್ಕೆ ತಳ್ಳುವ ಸುರುಳಿಯಾಕಾರದ ಗೆರೆಗಳಷ್ಟೇ ಇವೆ. ಆದ್ದರಿಂದ ಸಿಂಥೆಟಿಕ್ ಹಾಕಿದ ವಾರದೊಳಗೆ ಅಂಗಳದ ಫರಸಿಯ ಮೇಲೆ ಆಯಿಲಿನ ಹನಿಗಳು ಕಂಡರೆ ಆಶ್ಚರ್ಯಪಡಬೇಕಾಗಿಲ್ಲ.

ಇನ್ನೊಂದು ಕಾರಣವೂ ಇದೆ. ಈ ಇಂಜಿನ್ನಿನಲ್ಲಿ ವಾಲ್ವ್‌ಗಳನ್ನು ತೆರೆಸುವ ಟ್ಯಾಪೆಟ್‌ಗಳು ಅವನ್ನು ಎತ್ತುವ ಕ್ಯಾಮಿನ ಮೇಲೆ ನೇರವಾಗಿ ಉಜ್ಜಿಕೊಂಡು ನಡೆಯುತ್ತವೆ, ಆ ಸವೆತವನ್ನು ತಡೆಯುವುದು ಆಯಿಲಿನಲ್ಲಿ ಬೆರೆಸಿದ ಸತು ಮತ್ತು ರಂಜಕದ ಸಂಯುಕ್ತ. ಹೊಸ ಕಾರುಗಳ ತೆಳು ಆಯಿಲ್‌ಗಳಲ್ಲಿ ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಕೆಡಬಾರದೆಂದು ರಂಜಕದ ಪ್ರಮಾಣವನ್ನು ಶೇ 0.08ಕ್ಕೆ ಮಿತಿಗೊಳಿಸಿದ್ದಾರೆ. ನಿಮ್ಮ ಗಾಡಿಗೆ ಕನ್ವರ್ಟರೇ ಇಲ್ಲದ ಮೇಲೆ ಆ ಮಿತಿಯಿಂದ ನಷ್ಟವೇ ಹೊರತು ಲಾಭವಿಲ್ಲ. ಲಾರಿಯ 15ಡಬ್ಲ್ಯು-40 ಆಯಿಲಿನಲ್ಲಿ ಈ ಸಂಯುಕ್ತ ಸಾಕಷ್ಟಿರುತ್ತದೆ ಎಂಬುದು ನಿಜ. ಆದರೆ ಅದರ ತೊಳೆಯುವ ಗುಣ ಬಲು ಜೋರು. ಒಳಗೆ ಹಳೆಯ ಜಿಡ್ಡು ಕಟ್ಟಿರುವ ಇಂಜಿನ್ನಿನಲ್ಲಿ ಆ ಜಿಡ್ಡು ಒಮ್ಮೆಗೇ ಕಳಚಿಕೊಂಡು ಆಯಿಲ್ ಪಂಪಿನ ಜಾಲರಿಗೆ ಅಡ್ಡವಾಗಬಹುದು. ಇಂಜಿನ್ನಿನ ಒಳಗನ್ನು ತೊಳೆಯಲು ಅಂಗಡಿಯಲ್ಲಿ ಸಿಗುವ ಫ್ಲಶ್ ದ್ರಾವಣವನ್ನು ಬೇಡವೆನ್ನುವುದೂ ಇದೇ ಕಾರಣಕ್ಕೆ.

ಅಪರೂಪಕ್ಕೆ ಓಡುವ ಗಾಡಿಗೆ ಕಿಲೋಮೀಟರಿನ ಲೆಕ್ಕ ಸಲ್ಲದು, ವರ್ಷಕ್ಕೊಮ್ಮೆ ಬದಲಿಸಲೇಬೇಕು. ಪೆಟ್ರೋಲ್ ಉರಿದಾಗ ನೀರಿನ ಆವಿ ಹುಟ್ಟುತ್ತದೆ. ಇಂಜಿನ್ ಚೆನ್ನಾಗಿ ಕಾಯದಿದ್ದರೆ ಅದು ಸಂಪಿನಲ್ಲೇ (ಇಂಜಿನ್ನಿನ ತಳದ ಆಯಿಲ್ ತೊಟ್ಟಿ) ಉಳಿದು, ಉರಿದ ಅನಿಲಗಳೊಂದಿಗೆ ಸೇರಿ ಆಮ್ಲವಾಗಿ ಬೇರಿಂಗನ್ನು ತಿನ್ನುತ್ತದೆ. ಅಂಗಳದಲ್ಲಿ ಐದು ನಿಮಿಷ ಚಾಲೂ ಮಾಡಿ ನಿಲ್ಲಿಸುವ ರೂಢಿ ಅನೇಕರಿಗಿದೆ, ಅದನ್ನು ದಯವಿಟ್ಟು ಬಿಡಿರಿ. ಹುಬ್ಬಳ್ಳಿಯವರೆಗಿನ ಇಪ್ಪತ್ತು ಕಿಲೋಮೀಟರಿನ ಓಟವೇ ಅದಕ್ಕಿಂತ ಎಷ್ಟೋ ಮೇಲು. ಧಾರವಾಡದ ಮಳೆಗಾಲ ಮುಗಿದು ಹವೆ ಒಣಗಿದ ಮೇಲೆ ಆಯಿಲ್ ಬದಲಿಸುವುದು ಸೂಕ್ತವೆಂದು ನನ್ನ ಅಭಿಪ್ರಾಯ.

ಕೆಲಸಕ್ಕೆ ಮೊದಲು ಗಾಡಿಯನ್ನು ಊರಾಚೆ ಒಂದು ಸುತ್ತು ಓಡಿಸಿ ತನ್ನಿರಿ, ಬೆಚ್ಚಗಿನ ಆಯಿಲ್ ಕೊಳೆಯನ್ನು ಹೊತ್ತುಕೊಂಡು ಇಳಿಯುತ್ತದೆ. ಎತ್ತುವುದಾದರೆ ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಜಾಕಿನ ಅಡಿಗೆ ದಪ್ಪ ಹಲಗೆ ಇಡಿರಿ, ಏಕೆಂದರೆ ಫರಸಿ ಕಲ್ಲು ಭಾರಕ್ಕೆ ಸೀಳಬಹುದು. ಕೇವಲ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಯಾವ ಕಾರಣಕ್ಕೂ ಹೋಗಬೇಡಿರಿ. ಎರಡು ಗಟ್ಟಿಯಾದ ಸ್ಟ್ಯಾಂಡುಗಳು ಇಲ್ಲದಿದ್ದರೆ ಈ ಕೆಲಸವನ್ನು ಗ್ಯಾರೇಜಿಗೇ ಬಿಡುವುದು ಲೇಸು. ಈ ಇಂಜಿನ್ನಿನ ಬೋಲ್ಟುಗಳೆಲ್ಲ ಇಂಚಿನ ಅಳತೆಯವು. ಮಿಲಿಮೀಟರಿನ ಪಾನಾ ಹಚ್ಚಿದರೆ ಜಾರಿ ಮೂಲೆಗಳು ಸವೆಯುತ್ತವೆ, ಆದ್ದರಿಂದ ಸರಿಯಾದ ಇಂಚಿನ ರಿಂಗ್ ಪಾನಾವನ್ನೇ ಬಳಸಿರಿ. ಹಳೆಯ ಆಯಿಲ್ ಇಳಿಸಲು ಸಂಪಿನ ತಳದಲ್ಲಿ ಬಿಚ್ಚುವ ಬೋಲ್ಟಿನ ತಾಮ್ರದ ವಾಷರನ್ನು ಪ್ರತಿ ಬಾರಿ ಹೊಸದು ಹಾಕಿರಿ, ಬಿಗಿಯುವಾಗ ಮೈಭಾರ ಹಾಕಬೇಡಿರಿ.

ಹೆಚ್ಚಿನವರು ಎಡವುವುದು ಫಿಲ್ಟರಿನಲ್ಲಿ. ಹಳೆಯ ಅಂಬಾಸಿಡರಿನಲ್ಲಿ ಕಾಗದದ ಎಲಿಮೆಂಟ್ ಒಂದು ಲೋಹದ ಬಟ್ಟಲಿನೊಳಗೆ ಕೂತಿರುತ್ತದೆ, ನಡುವಿನ ಉದ್ದ ಬೋಲ್ಟ್ ಅದನ್ನು ಇಂಜಿನ್ನಿಗೆ ಬಿಗಿದಿರುತ್ತದೆ. ಬಟ್ಟಲನ್ನು ಕಳಚಿದಾಗ ಹಳೆಯ ರಬ್ಬರ್ ಉಂಗುರ ಮೇಲೆ, ಇಂಜಿನ್ ಬದಿಯ ಕಾಲುವೆಯಂಥ ಜಾಗದಲ್ಲೇ, ಕಚ್ಚಿಕೊಂಡು ಉಳಿಯುತ್ತದೆ. ಅದು ಗಡುಸಾಗಿ, ಕಪ್ಪಾಗಿ, ಲೋಹದ ಭಾಗವೇ ಎನ್ನುವಂತೆ ಕಾಣುತ್ತದೆ. ಅದನ್ನು ಗಮನಿಸದೆ ಮೇಲೆ ಹೊಸ ಉಂಗುರ ಕೂರಿಸಿದರೆ ಇಂಜಿನ್ ಚಾಲೂ ಆದ ಕೂಡಲೇ ಆಯಿಲ್ ಚಿಮ್ಮಿ ಹೊರಬರುತ್ತದೆ. ದಬ್ಬಣದ ತುದಿಯಿಂದ ಒಂದು ಕಡೆ ಎಬ್ಬಿಸಿ, ಪೂರ್ತಿ ಸುತ್ತು ಹೊರತೆಗೆದು, ಆ ಜಾಗವನ್ನು ಅರಿವೆಯಿಂದ ಒರೆಸಿ, ಹೊಸ ಉಂಗುರಕ್ಕೆ ಆಯಿಲ್ ಸವರಿ ಕೂರಿಸಿರಿ.

ಆಯಿಲ್ ನಾಲ್ಕರಿಂದ ನಾಲ್ಕೂವರೆ ಲೀಟರಿನಷ್ಟು ಹಿಡಿಯುತ್ತದೆ. ಮೊದಲು ಮೂರೂವರೆ ಲೀಟರ್ ಸುರಿದು, ಗಾಡಿಯನ್ನು ಸಮನೆಲಕ್ಕೆ ಇಳಿಸಿ, ಡಿಪ್‌ಸ್ಟಿಕ್ ನೋಡುತ್ತ ಮೇಲಿನ ಗೆರೆಗೆ ತನ್ನಿರಿ. ಬಳಿಕ ಇಗ್ನಿಷನ್ ಕಾಯಿಲಿಗೆ (ಪೆಟ್ರೋಲ್ ಹೊತ್ತಿಸುವ ಕಿಡಿಗೆ ವಿದ್ಯುತ್ ಒದಗಿಸುವ ಭಾಗ) ಬರುವ ಸಣ್ಣ ವೈರನ್ನು ಬಿಚ್ಚಿಟ್ಟು, ಇಂಜಿನ್ ಹೊತ್ತಿಕೊಳ್ಳದಂತೆ ಕೆಲವು ಕ್ಷಣ ಸೆಲ್ಫ್ ಹೊಡೆಯಿರಿ. ಆಯಿಲ್ ಪ್ರೆಶರ್ ಬಂದ ಮೇಲೆ ವೈರು ಜೋಡಿಸಿ ಚಾಲೂ ಮಾಡಿರಿ, ಐದು ನಿಮಿಷ ನಿಲ್ಲಿಸಿ ಮತ್ತೊಮ್ಮೆ ಮಟ್ಟ ನೋಡಿರಿ.

ಪ್ರಶ್ನೆ: ನನ್ನ ಪ್ರೀಮಿಯರ್ ಪದ್ಮಿನಿಗೆ ಹಾಕಿದ ಹೊಸ ಆಯಿಲ್ ಕೆಲವೇ ದಿನಗಳಲ್ಲಿ ಕಪ್ಪಾಯಿತು. ಕಲಬೆರಕೆ ಇರಬಹುದೇ?
– ಓದುಗರೊಬ್ಬರು, ಗದಗ

ಉತ್ತರ: ಬಣ್ಣವೊಂದರಿಂದಲೇ ಹಾಗೆ ಹೇಳಲಾಗದು. ಒಳಗಿನ ಮಸಿಯನ್ನು ಎತ್ತಿಕೊಳ್ಳುವ ಆಯಿಲ್ ಕಪ್ಪಾಗಲೇಬೇಕು. ಹಾಲು ಬೆರೆಸಿದ ಚಹದ ಬಣ್ಣ ಬಂದರೆ ಮಾತ್ರ ನೀರು ಸೇರಿದೆ ಎಂದರ್ಥ, ಆಗ ಹೆಡ್ ಗ್ಯಾಸ್ಕೆಟ್ ನೋಡಿಸಿರಿ. ಡಿಪ್‌ಸ್ಟಿಕ್‌ನಲ್ಲಿ ಮಟ್ಟ ತಾನಾಗಿಯೇ ಏರುತ್ತಿದ್ದು ಪೆಟ್ರೋಲ್ ವಾಸನೆ ಬಂದರೆ, ಇಂಜಿನ್ನಿಗೆ ಜೋಡಿಸಿದ ಪೆಟ್ರೋಲ್ ಪಂಪಿನ ಡಯಾಫ್ರಂ (ಒಳಪೊರೆ) ಹರಿದು ಪೆಟ್ರೋಲ್ ಸಂಪಿಗೆ ಇಳಿಯುತ್ತಿರಬಹುದು. ಆ ಸ್ಥಿತಿಯಲ್ಲಿ ಗಾಡಿ ಓಡಿಸಬೇಡಿರಿ.

ಪ್ರಶ್ನೆ: ತೆಗೆದ ಆಯಿಲನ್ನು ಗೆದ್ದಲು ಹತ್ತದಂತೆ ದನದ ಕೊಟ್ಟಿಗೆಯ ಕಂಬಗಳಿಗೆ ಬಳಿಯಬಹುದೇ?
– ಓದುಗರೊಬ್ಬರು, ಹಾವೇರಿ

ಉತ್ತರ: ಬೇಡ. ದನಗಳು ಕಂಬವನ್ನು ನೆಕ್ಕುತ್ತವೆ, ಮೈ ಉಜ್ಜುತ್ತವೆ, ಬಳಸಿದ ಆಯಿಲಿನಲ್ಲಿ ಲೋಹದ ಕಣಗಳೂ ಚರ್ಮಕ್ಕೆ ಹಾನಿ ಮಾಡುವ ಸಂಯುಕ್ತಗಳೂ ಇರುತ್ತವೆ. ನೀವೂ ಕೈಗವಸು ಹಾಕಿಕೊಂಡೇ ಅದನ್ನು ಮುಟ್ಟಬೇಕು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಲ್ಲಿ ಬಳಸಿದ ಆಯಿಲೂ ಸೇರಿದೆ. ಗಟಾರಕ್ಕೆ, ಹೊಲದ ಬದುವಿಗೆ ಸುರಿಯದೆ ಹಳೆಯ ಕ್ಯಾನಿನಲ್ಲಿ ತುಂಬಿ, ಪರವಾನಗಿ ಪಡೆದ ಮರುಬಳಕೆದಾರರಿಗೆ ಆಯಿಲ್ ಒಪ್ಪಿಸುವ ದೊಡ್ಡ ಸರ್ವಿಸ್ ಸ್ಟೇಷನ್‌ಗೆ ಕೊಡಿರಿ. ಆ ಕ್ಯಾನಿನಲ್ಲಿ ನೀರು, ಪೆಟ್ರೋಲ್, ಬ್ರೇಕ್ ಆಯಿಲ್ ಸೇರಿದ್ದರೆ ಅವರು ತೆಗೆದುಕೊಳ್ಳಲಿಕ್ಕಿಲ್ಲ, ಹಾಗಾಗಿ ಬಳಸಿದ ಆಯಿಲನ್ನು ಪ್ರತ್ಯೇಕವಾಗಿಯೇ ಇಡಿರಿ.