ಕಾನೂನು ಪ್ರಶ್ನೋತ್ತರ: ಯುದ್ಧದಲ್ಲಿ ಸೆರೆಸಿಕ್ಕವರಿಗೆ ಯಾವ ಕೋರ್ಟು?

ಈ ಸಲ ದಾವಣಗೆರೆ, ಚಿತ್ರದುರ್ಗ ಕಡೆಯಿಂದ ಬಂದ ಪತ್ರಗಳು ಹೆಚ್ಚುಕಡಿಮೆ ಒಂದೇ ವಿಷಯದ ಸುತ್ತ ಇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಕಾಲೇಜಿನ ಅಣಕು ಸಂಸತ್ತಿಗಾಗಿ ನಾವೊಂದು ಮಸೂದೆ ಬರೆಯಬೇಕು. ಯುದ್ಧಕಾಲದಲ್ಲಿ ಸೆರೆಸಿಕ್ಕವರನ್ನು ಸೇನಾ ನ್ಯಾಯಮಂಡಳಿಯೇ ವಿಚಾರಣೆ ಮಾಡುವ ಕಾನೂನು. ಅಮೆರಿಕದ 2006ರ ಕಾಯ್ದೆಯನ್ನು ಮಾದರಿಯಾಗಿ ತೆಗೆದುಕೊಂಡರೆ ಸಾಕೇ? ಯಾವ ಕಲಂಗಳು ಇರಲೇಬೇಕು?
— ಕಾನೂನು ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಸಾಲದು. ಆ ಕಾಯ್ದೆ (ಮಿಲಿಟರಿ ಕಮಿಷನ್ಸ್ ಆ್ಯಕ್ಟ್) ಹುಟ್ಟಿದ್ದೇ ಹಿಂದುಮುಂದಾದ ಕ್ರಮದಲ್ಲಿ. ಸೆಪ್ಟೆಂಬರ್ 11ರ ದಾಳಿಯ ಬೆನ್ನಿಗೆ, 2001ರ ನವೆಂಬರ್ 13ರಂದು ಅಧ್ಯಕ್ಷ ಬುಷ್ ಬರೀ ಒಂದು ಆದೇಶದ ಮೇಲೆ ಸೇನಾ ಮಂಡಳಿಗಳಿಗೆ ಅಡಿಪಾಯ ಹಾಕಿದರು. 2002ರ ಜನವರಿಯಿಂದ ಕ್ಯೂಬಾದಲ್ಲಿರುವ ಅಮೆರಿಕದ ಗ್ವಾಂಟನಾಮೊ ನೆಲೆಯ ಸೆರೆಮನೆಗೆ ಜನರನ್ನು ತಂದು ತುಂಬಿದರು. 2006ರ ಜೂನ್ 29ರಂದು ಅಲ್ಲಿನ ಕೈದಿ ಹಮ್ದಾನ್‌ನ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಈ ಮಂಡಳಿಗಳು ದೇಶದ ಸೇನಾ ನ್ಯಾಯ ಸಂಹಿತೆಗೂ ಜಿನೀವಾ ಒಪ್ಪಂದಗಳಲ್ಲಿ (ಯುದ್ಧಕಾಲದಲ್ಲಿ ಸೆರೆಯವರನ್ನೂ ನಾಗರಿಕರನ್ನೂ ಹೇಗೆ ನಡೆಸಿಕೊಳ್ಳಬೇಕೆಂಬ ನಾಲ್ಕು ಅಂತರರಾಷ್ಟ್ರೀಯ ಒಪ್ಪಂದಗಳು) ಸಮಾನವಾಗಿರುವ 3ನೇ ವಿಧಿಗೂ ವಿರುದ್ಧ ಎಂದು 5–3ರ ಬಹುಮತದಿಂದ ತಳ್ಳಿಹಾಕಿತು. ಆಮೇಲೆ ಅಕ್ಟೋಬರ್ 17ಕ್ಕೆ ಕಾಯ್ದೆ ಬಂತು. ಹಿಡಿದದ್ದು ಮೊದಲು, ಕೋರ್ಟು ಎರಡನೆಯದು, ಕಾನೂನು ಕೊನೆಗೆ. ನಿಮ್ಮ ಮಸೂದೆಯಲ್ಲಿ ಈ ಕ್ರಮ ತಿರುಗಬೇಕು.

ಮೊದಲ ಅಧ್ಯಾಯದಲ್ಲಿ ‘ಇವನು ಯಾರು’ ಎಂಬುದು ತೀರ್ಮಾನವಾಗಲಿ. ಸೆರೆಸಿಕ್ಕವನು ಮೂರನೇ ಜಿನೀವಾ ಒಪ್ಪಂದದ 4ನೇ ವಿಧಿಯ ಪ್ರಕಾರ ಯುದ್ಧಕೈದಿಯೋ ಅಲ್ಲವೋ ಎಂಬ ಅನುಮಾನ ಬಂದರೆ, ಸಮರ್ಥ ನ್ಯಾಯಮಂಡಳಿ ತೀರ್ಮಾನಿಸುವವರೆಗೆ ಅವನನ್ನು ಯುದ್ಧಕೈದಿಯೆಂದೇ ನಡೆಸಿಕೊಳ್ಳಬೇಕು ಎನ್ನುತ್ತದೆ 5ನೇ ವಿಧಿ. ಅಮೆರಿಕ ಎಡವಿದ್ದು ಇಲ್ಲಿಯೇ: ಒಬ್ಬೊಬ್ಬರ ವಿಷಯ ವಿಚಾರಿಸದೆ ಎಲ್ಲರಿಗೂ ‘ಯುದ್ಧಕೈದಿಯಲ್ಲ’ ಎಂಬ ಒಂದೇ ಹಣೆಪಟ್ಟಿ ಅಂಟಿಸಿತು. ಸಮವಸ್ತ್ರ ತೊಟ್ಟು, ಯುದ್ಧದ ನಿಯಮ ಪಾಲಿಸಿ ಗುಂಡು ಹಾರಿಸಿದ ಸೈನಿಕನ ಮೇಲೆ ಆ ಗುಂಡಿಗಾಗಿ ಕೊಲೆ ಕೇಸು ಹಾಕುವಂತಿಲ್ಲ. ನಾಗರಿಕರನ್ನು ಸಾಲಾಗಿ ನಿಲ್ಲಿಸಿ ಕೊಂದಿದ್ದರೆ ಹಾಕಬಹುದು. ಈ ಗೆರೆ ಮಸೂದೆಯಲ್ಲಿ ಸ್ಪಷ್ಟವಾಗಿ ಇರದಿದ್ದರೆ ಮುಂದಿನ ಕಲಂಗಳೆಲ್ಲ ಅಲುಗಾಡುತ್ತವೆ.

ಎರಡನೆಯದು ಕೋರ್ಟು. ನಮ್ಮ ಸೈನಿಕ ಅದೇ ತಪ್ಪು ಮಾಡಿದ್ದರೆ ಅವನನ್ನು ಯಾವ ಕೋರ್ಟು, ಯಾವ ಕ್ರಮದಲ್ಲಿ ವಿಚಾರಿಸುತ್ತಿತ್ತೋ ಯುದ್ಧಕೈದಿಗೂ ಅದೇ. ಇಲ್ಲವಾದರೆ ಶಿಕ್ಷೆ ಸಿಂಧುವಲ್ಲ ಎಂದು ಅದೇ ಒಪ್ಪಂದದ 102ನೇ ವಿಧಿ ಹೇಳುತ್ತದೆ. ಹಾಗಾಗಿ ಹೊಸ ಮಂಡಳಿ ಕಟ್ಟುವ ಶ್ರಮ ಬೇಡ. 1950ರ ಸೇನಾ ಕಾಯ್ದೆಯ ಜನರಲ್ ಕೋರ್ಟ್ ಮಾರ್ಷಲನ್ನೇ ಬಳಸಿ. ಅದರಲ್ಲಿ ಕನಿಷ್ಠ 5 ಅಧಿಕಾರಿಗಳಿರಬೇಕು, ಪ್ರತಿಯೊಬ್ಬರಿಗೂ ಕಮಿಷನ್ (ಅಧಿಕಾರಿ ಹುದ್ದೆ) ಸಿಕ್ಕಿ 3 ವರ್ಷ ಆಗಿರಬೇಕು, 4 ಜನ ಕ್ಯಾಪ್ಟನ್ ದರ್ಜೆಗೆ ಕಡಿಮೆ ಇರಬಾರದು, ಜೊತೆಗೆ ಜಡ್ಜ್ ಅಡ್ವೊಕೇಟ್ (ಕೋರ್ಟಿಗೆ ಕಾನೂನು ಸಲಹೆ ಕೊಡುವ ಅಧಿಕಾರಿ) ಕೂರಬೇಕು. ಮತ ಸಮವಾದರೆ ಲಾಭ ಆರೋಪಿಗೆ. ಮರಣದಂಡನೆಗೆ ಮೂರರಲ್ಲಿ ಎರಡು ಪಾಲು ಸದಸ್ಯರ ಸಮ್ಮತಿ ಬೇಕು. ಇದೊಂದು ಕಡೆ ಅಮೆರಿಕದ ಕಾಯ್ದೆಯೇ ಬಿಗಿ ಎನ್ನಬೇಕು: ಅಲ್ಲಿ ಸಾಮಾನ್ಯವಾಗಿ 12 ಸದಸ್ಯರು ಕೂತು, ಎಲ್ಲರೂ ಒಪ್ಪಿದರೆ ಮಾತ್ರ ಮರಣದಂಡನೆ. ನಿಮ್ಮ ಮಸೂದೆಗೆ ಆ ಒಂದು ಅಂಶವನ್ನು ಧಾರಾಳವಾಗಿ ಎತ್ತಿಕೊಳ್ಳಿ.

ಮೂರನೆಯದು ಅದೇ ಒಪ್ಪಂದ ಹೇಳುವ ದಿನಗಳ ಲೆಕ್ಕ. ವಿದ್ಯಾರ್ಥಿಗಳ ಕರಡುಗಳಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಭಾಗ ಇದು. ವಿಚಾರಣೆಗೆ ಮುಂಚಿನ ಬಂಧನ 3 ತಿಂಗಳು ಮೀರಬಾರದು, ಆ ದಿನಗಳು ಶಿಕ್ಷೆಯಲ್ಲಿ ವಜಾ ಆಗಬೇಕು. ವಿಚಾರಣೆ ಶುರುವಾಗುವ 3 ವಾರ ಮೊದಲೇ ರಕ್ಷಕ ರಾಷ್ಟ್ರಕ್ಕೆ, ಅಂದರೆ ಕೈದಿಯ ದೇಶದ ಪರವಾಗಿ ನಿಗಾ ವಹಿಸುವ ತಟಸ್ಥ ದೇಶಕ್ಕೆ, ನೋಟಿಸು ತಲುಪಿರಬೇಕು. ತಲುಪಿದ್ದಕ್ಕೆ ಸಾಕ್ಷ್ಯವಿಲ್ಲದಿದ್ದರೆ ವಿಚಾರಣೆ ಮುಂದೂಡಬೇಕು. ವಕೀಲರಿಗೆ ತಯಾರಿಗೆ ಕನಿಷ್ಠ 2 ವಾರ. ಮರಣದಂಡನೆ ವಿಧಿಸಿದರೂ ರಕ್ಷಕ ರಾಷ್ಟ್ರಕ್ಕೆ ತಿಳಿಸಿ 6 ತಿಂಗಳು ಕಳೆಯುವ ತನಕ ಜಾರಿ ಮಾಡುವಂತಿಲ್ಲ. ಶಿಕ್ಷೆಯ ಪ್ರಮಾಣ ನಿಗದಿ ಮಾಡುವಾಗ, ಆರೋಪಿ ನಮ್ಮ ದೇಶಕ್ಕೆ ನಿಷ್ಠೆ ತೋರಬೇಕಾದವನಲ್ಲ ಎಂಬುದನ್ನು ಕೋರ್ಟು ಗಮನದಲ್ಲಿಡಬೇಕು. ಇವನ್ನೆಲ್ಲ ‘ನಿಯಮಗಳಲ್ಲಿ ಸೂಚಿಸಿದಂತೆ’ ಎಂದು ಸರ್ಕಾರಕ್ಕೆ ಬಿಟ್ಟುಕೊಡದೆ ಕಲಂನಲ್ಲೇ ಬರೆಯಿರಿ.

ಸಾಕ್ಷ್ಯದ ವಿಷಯ. ಒತ್ತಾಯದಿಂದ ಪಡೆದ ಕೆಲವು ಹೇಳಿಕೆಗಳು 2005ರ ಡಿಸೆಂಬರ್ 30ಕ್ಕೆ ಮುಂಚಿನವಾದರೆ, ನ್ಯಾಯಾಧೀಶರು ನಂಬಲರ್ಹ ಎಂದರೆ ಒಪ್ಪಬಹುದು ಎಂದು 2006ರ ಕಾಯ್ದೆ ಕಿಂಡಿ ತೆರೆದಿಟ್ಟಿತ್ತು. 2009ರ ತಿದ್ದುಪಡಿ ಅದನ್ನು ಮುಚ್ಚಿತು. ಆದರೆ ಹಿಂಸೆ ಕೊಟ್ಟದ್ದು ಎಲ್ಲಿ, ಆಮೇಲಿನ ಹೇಳಿಕೆಗೆ ಅದರ ಸೋಂಕು ತಾಗಿದೆಯೇ ಎಂಬ ವಾದದಲ್ಲಿಯೇ ಅಲ್ಲಿನ ಪ್ರಕರಣಗಳು ವರ್ಷಗಟ್ಟಲೆ ಸಿಕ್ಕಿಬಿದ್ದವು.

ಪೂರ್ವಾನ್ವಯದ ಆಸೆ ಬೇಡ. ಕೃತ್ಯ ನಡೆದಾಗ ಅಪರಾಧವಲ್ಲದ್ದನ್ನು ಆಮೇಲೆ ಅಪರಾಧ ಮಾಡುವುದಕ್ಕೆ ನಮ್ಮ ಸಂವಿಧಾನದ 20(1)ನೇ ವಿಧಿ ಬಿಡುವುದಿಲ್ಲ, ಜಿನೀವಾದ 99ನೇ ವಿಧಿಯೂ ಬಿಡುವುದಿಲ್ಲ. ಮೇಲೆ ಹೇಳಿದ ಹಮ್ದಾನ್‌ಗೆ 2008ರಲ್ಲಿ ‘ಭಯೋತ್ಪಾದನೆಗೆ ನೆರವು’ ಎಂಬ ಆರೋಪದ ಮೇಲೆ ಶಿಕ್ಷೆಯಾಯಿತು. ಅವನು ಆ ಕೆಲಸ ಮಾಡಿದ ಕಾಲಕ್ಕೆ ಅದು ಅಂತರರಾಷ್ಟ್ರೀಯ ಯುದ್ಧಾಪರಾಧವೇ ಆಗಿರಲಿಲ್ಲ ಎಂದು 2012ರಲ್ಲಿ ಅಪೀಲು ಕೋರ್ಟು ಶಿಕ್ಷೆ ರದ್ದು ಮಾಡಿತು. ಅಷ್ಟು ಹೊತ್ತಿಗೆ ಅವನು ಶಿಕ್ಷೆ ಮುಗಿಸಿ ಊರು ಸೇರಿದ್ದ.

ಕೊನೆಗೆ, ಹೈಕೋರ್ಟಿನ ಬಾಗಿಲು ಮುಚ್ಚುವ ಕಲಂ ಬರೆಯಬೇಡಿ. ‘ಶತ್ರುದೇಶದ ಪ್ರಜೆಗೆ ಹಕ್ಕಿಲ್ಲ’ ಎಂದು ಸಂವಿಧಾನದ 22(3)ನೇ ವಿಧಿಯನ್ನು ಎಲ್ಲರೂ ಉದ್ಧರಿಸುತ್ತಾರೆ. ಅದು ಕಿತ್ತುಕೊಳ್ಳುವುದು 22ನೇ ವಿಧಿಯ ಮೊದಲೆರಡು ಉಪವಿಧಿಗಳನ್ನು ಮಾತ್ರ: ಬಂಧನದ ಕಾರಣ ತಿಳಿಯುವುದು, ವಕೀಲರನ್ನು ಕಾಣುವುದು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರಾಗುವುದು. (ಹಾಗಾಗಿಯೇ ಯಾರ ಮುಂದೆ, ಎಷ್ಟು ದಿನದಲ್ಲಿ ಹಾಜರುಪಡಿಸಬೇಕು ಎಂದು ನಿಮ್ಮ ಮಸೂದೆಯೇ ಹೇಳಬೇಕು.) 20 ಮತ್ತು 21ನೇ ವಿಧಿಗಳು ಉಳಿಯುತ್ತವೆ, 1978ರ 44ನೇ ತಿದ್ದುಪಡಿಯ ನಂತರ ತುರ್ತುಪರಿಸ್ಥಿತಿಯಲ್ಲೂ ಅವನ್ನು ಅಮಾನತಿನಲ್ಲಿಡಲಾಗದು. ಕೋರ್ಟ್ ಮಾರ್ಷಲ್ ತೀರ್ಪಿನ ಮೇಲೆ ಸುಪ್ರೀಂ ಕೋರ್ಟಿಗೆ ವಿಶೇಷ ಅನುಮತಿ ಅರ್ಜಿ ಇಲ್ಲ, ನಿಜ. ಆದರೆ 226ನೇ ವಿಧಿಯಡಿ ಹೈಕೋರ್ಟು ಹೊರಡಿಸುವ ರಿಟ್ ಸಂವಿಧಾನದ ಮೂಲ ರಚನೆಯ ಭಾಗ ಎಂದು 1997ರ ಎಲ್. ಚಂದ್ರಕುಮಾರ್ ತೀರ್ಪು ಹೇಳಿದೆ. ಅಮೆರಿಕದಲ್ಲೂ ಹೇಬಿಯಸ್ ಕಾರ್ಪಸ್ (ಬಂಧನವನ್ನು ಕೋರ್ಟಿನಲ್ಲಿ ಪ್ರಶ್ನಿಸುವ ಹಕ್ಕು) ಕಿತ್ತುಕೊಂಡ ಕಲಂ 2008ರ ಬೂಮೆದೀನ್ ಪ್ರಕರಣದಲ್ಲಿ ಬಿದ್ದುಹೋಯಿತು.

ಪ್ರಶ್ನೆ: ಕಸಬ್‌ನನ್ನು ಸೇನೆಗೆ ಒಪ್ಪಿಸಿ ಕೋರ್ಟ್ ಮಾರ್ಷಲ್ ಮಾಡಿದ್ದರೆ ಒಂದು ತಿಂಗಳಲ್ಲಿ ಮುಗಿಯುತ್ತಿರಲಿಲ್ಲವೇ?
— ಓದುಗರು, ಹರಿಹರ

ಉತ್ತರ: ಒಪ್ಪಿಸಲು ಕಾನೂನಿನಲ್ಲಿ ದಾರಿಯೇ ಇರಲಿಲ್ಲ. ಸೇನಾ ಕಾಯ್ದೆ ಅನ್ವಯವಾಗುವುದು ಆ ಕಾಯ್ದೆಗೆ ಒಳಪಟ್ಟವರಿಗೆ. ಕಸಬ್ ನಮ್ಮ ಸೈನಿಕನೂ ಅಲ್ಲ, ಸಮವಸ್ತ್ರದಲ್ಲಿ ಸಿಕ್ಕ ಶತ್ರು ಸೈನಿಕನೂ ಅಲ್ಲ. ದಂಡ ಸಂಹಿತೆಯ 121ನೇ ಕಲಂ (ದೇಶದ ವಿರುದ್ಧ ಯುದ್ಧ ಹೂಡುವುದು), ಕೊಲೆ, ಯುಎಪಿಎ (ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆ) ಇವೆಲ್ಲ ಕೈಯಲ್ಲಿದ್ದವು, ಸಾಕಿದ್ದವು.

‘ಸಿವಿಲ್ ಕೋರ್ಟು ನಿಧಾನ, ಸೇನಾ ಕೋರ್ಟು ಚುರುಕು’ ಎಂಬ ನಂಬಿಕೆಯನ್ನು ದಿನಾಂಕಗಳು ಒಪ್ಪುವುದಿಲ್ಲ. ಕಸಬ್ ಸಿಕ್ಕಿದ್ದು 2008ರ ನವೆಂಬರ್‌ನಲ್ಲಿ. ವಿಶೇಷ ಕೋರ್ಟಿನ ಶಿಕ್ಷೆ 2010ರ ಮೇ 6ರಂದು, ಸುಪ್ರೀಂ ಕೋರ್ಟಿನ ತೀರ್ಪು 2012ರ ಆಗಸ್ಟ್ 29ರಂದು, ಗಲ್ಲು ನವೆಂಬರ್ 21ರಂದು. ನಾಲ್ಕು ವರ್ಷದೊಳಗೆ ಮೂರು ಹಂತ ಮುಗಿದವು. ಸೆಪ್ಟೆಂಬರ್ 11ರ ದಾಳಿಯ ಮುಖ್ಯ ಆರೋಪಿ ಖಾಲಿದ್ ಶೇಖ್ ಮೊಹಮ್ಮದ್ ಸಿಕ್ಕಿದ್ದು 2003ರಲ್ಲಿ. ಸೇನಾ ಮಂಡಳಿಯ ಮುಂದೆ 2012ರ ಮೇ 5ರಂದು ಹೊಸದಾಗಿ ದೋಷಾರೋಪ ಹೊರಿಸಿದ ಮೇಲೆ ಹತ್ತು ವರ್ಷ ದಾಟಿದರೂ ಮುಖ್ಯ ವಿಚಾರಣೆ ಶುರುವಾಗಲಿಲ್ಲ. ಅದೇ ದಾಳಿಯ ಸಂಚಿನಲ್ಲಿ ಮೂಸಾವಿ ಎಂಬಾತನಿಗೆ ಅಮೆರಿಕದ ಸಾಮಾನ್ಯ ಕೋರ್ಟು 2006ರಲ್ಲೇ ಜೀವಾವಧಿ ವಿಧಿಸಿತ್ತು. ಹಳೆಯ ಕೋರ್ಟಿಗೆ ನಿಯಮ, ಪೂರ್ವನಿದರ್ಶನ ಎಲ್ಲ ಸಿದ್ಧವಿರುತ್ತವೆ. ಹೊಸ ಮಂಡಳಿಯಲ್ಲಿ ಪ್ರತಿ ಸಣ್ಣ ಪ್ರಶ್ನೆಗೂ ಮೊದಲಿಂದ ವಾದ, ಅದರ ಮೇಲೆ ಅಪೀಲು.

ಕಸಬ್ ಜೊತೆ ವಿಚಾರಣೆಗೊಳಗಾದ ಇಬ್ಬರು ಭಾರತೀಯರು ಸಾಕ್ಷ್ಯ ಸಾಲದೆ ಮೂರೂ ಕೋರ್ಟುಗಳಲ್ಲಿ ಬಿಡುಗಡೆಯಾದರು. ಇದನ್ನು ಕೆಲವರು ವ್ಯವಸ್ಥೆಯ ಸೋಲು ಎನ್ನುತ್ತಾರೆ. ನಮ್ಮ ಅಭಿಪ್ರಾಯ ಹಾಗಿಲ್ಲ. ಕಸಬ್‌ನ ಶಿಕ್ಷೆಯತ್ತ ಹೊರಗಿನವರೂ ಬೆರಳು ತೋರಿಸಲಾಗದಂತೆ ಮಾಡಿದ್ದು ಆ ಬಿಡುಗಡೆಗಳೇ.

ಪ್ರಶ್ನೆ: 1971ರಲ್ಲಿ ನಮ್ಮ ಕೈಯಲ್ಲಿದ್ದ 93 ಸಾವಿರ ಜನರಲ್ಲಿ ಒಬ್ಬರನ್ನೂ ವಿಚಾರಣೆ ಮಾಡದೆ ಬಿಟ್ಟದ್ದೇಕೆ?
— ನಿವೃತ್ತ ಶಿಕ್ಷಕರು, ಜಗಳೂರು

ಉತ್ತರ: ಸುಮಾರು 93,000 ಎಂಬ ಆ ಲೆಕ್ಕದಲ್ಲಿ ನಾಗರಿಕರೂ ಸೇರಿದ್ದಾರೆ. ಹೋರಾಟ ನಿಂತ ಮೇಲೆ ಯುದ್ಧಕೈದಿಗಳನ್ನು ತಡಮಾಡದೆ ಬಿಡಬೇಕು ಎಂಬುದು ಮೂರನೇ ಜಿನೀವಾ ಒಪ್ಪಂದದ 118ನೇ ವಿಧಿ. ಕ್ರಿಮಿನಲ್ ಪ್ರಕರಣ ಇರುವವರನ್ನು ಮಾತ್ರ ಅದು ಮುಗಿಯುವ ತನಕ ಇಟ್ಟುಕೊಳ್ಳಬಹುದು (119ನೇ ವಿಧಿ). ಬಾಂಗ್ಲಾದೇಶ 195 ಜನರ ವಿಚಾರಣೆ ಮಾಡುವುದಾಗಿ ಹೇಳಿ, 1973ರ ಜುಲೈನಲ್ಲಿ ಅದಕ್ಕೆಂದೇ ಕಾಯ್ದೆ ತಂದಿತು. ಮೂಲಭೂತ ಹಕ್ಕಿನ ಹೆಸರಲ್ಲಿ ಕಾಯ್ದೆ ಬಿದ್ದುಹೋಗದಿರಲೆಂದು ಅದೇ ತಿಂಗಳು ಸಂವಿಧಾನಕ್ಕೇ ತಿದ್ದುಪಡಿ ಮಾಡಿಕೊಂಡಿತು. ಈ ಕೈದಿಗಳನ್ನು ಹಸ್ತಾಂತರಿಸಬಾರದೆಂದು ಪಾಕಿಸ್ತಾನ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಗಿ, ಆ ವರ್ಷದ ಕೊನೆಗೆ ದಾವೆ ಹಿಂತೆಗೆದುಕೊಂಡಿತು. 1974ರ ಏಪ್ರಿಲ್‌ನಲ್ಲಿ ದೆಹಲಿಯಲ್ಲಿ ಆದ ತ್ರಿಪಕ್ಷೀಯ ಒಪ್ಪಂದದಲ್ಲಿ ಬಾಂಗ್ಲಾದೇಶ ವಿಚಾರಣೆ ಕೈಬಿಟ್ಟಿತು. ಅದು ರಾಜತಾಂತ್ರಿಕ ಲೆಕ್ಕಾಚಾರ. ಕಾನೂನಿನ ಅಡ್ಡಿ ಏನೂ ಇರಲಿಲ್ಲ. ಆ ಕಾಯ್ದೆ ಮಾತ್ರ ಕಪಾಟಿನಲ್ಲಿ ಉಳಿದಿತ್ತು. 2010ರಲ್ಲಿ ಅದನ್ನು ಹೊರತೆಗೆದು ಸ್ಥಳೀಯ ಆರೋಪಿಗಳ ಮೇಲೆ ಪ್ರಯೋಗಿಸಿದರು.

ಪ್ರಶ್ನೆ: 1779ರಲ್ಲಿ ಹೈದರಾಲಿ ನಮ್ಮ ದುರ್ಗ ಹಿಡಿದು ಮದಕರಿ ನಾಯಕರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದ, ಬೇಡರ ಹುಡುಗರನ್ನು ಚೇಲ ದಳಕ್ಕೆ (ಸೆರೆಸಿಕ್ಕ ಹುಡುಗರ ಪಡೆ) ಸೇರಿಸಿದ. ಇಂದಿನ ಕಾನೂನಿನಲ್ಲಿ ಇದು ಯಾವ ಅಪರಾಧ?
— ಓದುಗರು, ಚಿತ್ರದುರ್ಗ

ಉತ್ತರ: ನಾಯಕರನ್ನು ಸೆರೆಹಿಡಿದು ಬೇರೆ ಊರಿನಲ್ಲಿ ಇಟ್ಟದ್ದಷ್ಟೇ ಆಗಿದ್ದರೆ ಅಪರಾಧವಲ್ಲ. ಸೇನೆಯನ್ನು ಮುನ್ನಡೆಸಿದವರು ಯುದ್ಧಕೈದಿ, ಹೋರಾಟ ಮುಗಿಯುವ ತನಕ ಇಟ್ಟುಕೊಳ್ಳಬಹುದು. ಹೋರಾಡದ ಕುಟುಂಬಗಳನ್ನು ಊರಿನಿಂದ ಕಿತ್ತು ಸಾಗಿಸುವುದು, ಸೆರೆಯವರನ್ನೋ ಊರವರನ್ನೋ ಗೆದ್ದವನ ಸೇನೆಗೆ ಬಲವಂತವಾಗಿ ಸೇರಿಸುವುದು, ಇವೆರಡೂ ಜಿನೀವಾ ಒಪ್ಪಂದಗಳ ಪ್ರಕಾರ ಘೋರ ಉಲ್ಲಂಘನೆ. ಹುಡುಗರಾಗಿದ್ದರಂತೂ ತಪ್ಪು ಇನ್ನೂ ದೊಡ್ಡದು. ನಮ್ಮ 1960ರ ಜಿನೀವಾ ಒಪ್ಪಂದಗಳ ಕಾಯ್ದೆಯ 3ನೇ ಕಲಂನಲ್ಲಿ ಉದ್ದೇಶಪೂರ್ವಕ ಕೊಲೆಗೆ ಮರಣ ಅಥವಾ ಜೀವಾವಧಿ, ಉಳಿದ ಘೋರ ಉಲ್ಲಂಘನೆಗಳಿಗೆ 14 ವರ್ಷದವರೆಗೆ ಶಿಕ್ಷೆ ಇದೆ. ವಿಚಾರಣೆ ಸೆಷನ್ಸ್ ಕೋರ್ಟಿನಲ್ಲಿಯೇ ನಡೆಯಬಹುದು. ಆದರೆ ನೀವೋ ನಾವೋ ಖಾಸಗಿ ದೂರು ಕೊಟ್ಟರೆ ನಡೆಯದು. ಸರ್ಕಾರ ಅಥವಾ ಅದು ಅಧಿಕಾರ ಕೊಟ್ಟವರು ದೂರು ಕೊಟ್ಟರೆ ಮಾತ್ರ ಕೋರ್ಟು ಕೈಗೆತ್ತಿಕೊಳ್ಳುತ್ತದೆ. ಈ ಕಾಯ್ದೆ ಸೆರೆಸಿಕ್ಕವನ ಕೈಗೆ ತಾನಾಗಿ ಯಾವ ವಿಶೇಷ ಪರಿಹಾರವನ್ನೂ ಕೊಡುವುದಿಲ್ಲ ಎಂದು ಗೋವಾದ ಮೊಂತೆರೊ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1969ರಲ್ಲೇ ಹೇಳಿದೆ. ದಾವಣಗೆರೆಯ ವಿದ್ಯಾರ್ಥಿನಿ ಮಸೂದೆ ಬರೆಯುವಾಗ ಈ ಕೊರತೆಯನ್ನೂ ಗಮನಿಸಬೇಕು.

ಪ್ರಶ್ನೆ: ನಮ್ಮ ಯೋಧ ಶತ್ರುವಿನ ಕೈಗೆ ಸಿಕ್ಕರೆ ಏನೇನು ಹೇಳಬೇಕಾಗುತ್ತದೆ? ತಪ್ಪಿಸಿಕೊಳ್ಳಲು ಯತ್ನಿಸಿದರೆ ಕೋರ್ಟ್ ಮಾರ್ಷಲ್ ಆಗುತ್ತದೆಯೇ? ಮನೆಯವರಿಗೆ ಸುದ್ದಿ ಹೇಗೆ ತಲುಪುತ್ತದೆ?
— ಯೋಧರ ತಾಯಿ, ಚಳ್ಳಕೆರೆ

ಉತ್ತರ: ಅಮ್ಮಾ, ನಾಲ್ಕೇ ವಿಷಯ: ಹೆಸರು, ದರ್ಜೆ, ಹುಟ್ಟಿದ ದಿನಾಂಕ, ಸೈನಿಕ ಸಂಖ್ಯೆ. ಉಳಿದದ್ದಕ್ಕೆ ಬಾಯಿಬಿಡಿಸಲು ಹೊಡೆಯುವಂತಿಲ್ಲ, ಹೆದರಿಸುವಂತಿಲ್ಲ. ತಪ್ಪಿಸಿಕೊಳ್ಳಲು ಹೋಗಿ ಸಿಕ್ಕಿಬಿದ್ದರೆ ಶಿಸ್ತಿನ ಶಿಕ್ಷೆ ಮಾತ್ರ, ಅದೂ 30 ದಿನ ಮೀರುವಂತಿಲ್ಲ. ಶಿಬಿರಕ್ಕೆ ತಲುಪಿದ ಒಂದು ವಾರದೊಳಗೆ ಮನೆಗೊಂದು, ಜಿನೀವಾದ ಯುದ್ಧಕೈದಿಗಳ ಮಾಹಿತಿ ಕೇಂದ್ರಕ್ಕೊಂದು ಕಾರ್ಡು ಬರೆಯಲು ಬಿಡಬೇಕು. ಆಮೇಲೆ ತಿಂಗಳಿಗೆ ಕನಿಷ್ಠ 2 ಪತ್ರ, 4 ಕಾರ್ಡು. ಅಂಥ ಕಾರ್ಡು ಬಂದರೆ ಅದರ ಎರಡೂ ಬದಿ ಜೆರಾಕ್ಸ್ ಮಾಡಿಸಿ, ಮಗನ ಸೈನಿಕ ಸಂಖ್ಯೆ ಬರೆದು, ಅವರ ರೆಜಿಮೆಂಟಿನ ರೆಕಾರ್ಡ್ಸ್ ಆಫೀಸಿಗೂ ರೆಡ್ ಕ್ರಾಸಿಗೂ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಮೂಲ ಕಾರ್ಡನ್ನು ಯಾರು ಕೇಳಿದರೂ ಕೊಡಬೇಡಿ. ಮಗ ಜೀವಂತ ಸೆರೆಯಲ್ಲಿದ್ದಾನೆ ಎಂಬುದಕ್ಕೆ ಆ ಸಹಿ ಮತ್ತು ದಿನಾಂಕವೇ ನಿಮ್ಮ ಕೈಯಲ್ಲಿರುವ ದಾಖಲೆ.