ಬಿಸಿಯೇರಿ ತಡವರಿಸುವ ಗ್ರಾಫಿಕ್ಸ್ ಕಾರ್ಡ್

ಪ್ರಶ್ನೆ: ನನ್ನ ಕಂಪ್ಯೂಟರಿನ ಐದು ವರ್ಷ ಹಳೆಯ ಗ್ರಾಫಿಕ್ಸ್ ಕಾರ್ಡ್ (ತೆರೆಯ ಮೇಲೆ ಚಿತ್ರ ಮೂಡಿಸುವ ಭಾಗ), ಆಟ ಶುರುವಾದ ಹತ್ತೇ ನಿಮಿಷದಲ್ಲಿ 88 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ, ಒಂದು ಫ್ಯಾನ್ ಕರಕರ ಎನ್ನುತ್ತದೆ. ದೊಡ್ಡ ಫ್ಯಾನ್ ಹಾಕಬಹುದೇ?

ಉತ್ತರ: ಹಾಕಬಹುದು. ಆದರೆ ಮೊದಲು, ಕಾರ್ಡಿನ ಶಾಖವನ್ನು ಹೊರಬಿಡುವ ಲೋಹದ ಭಾಗವಾದ ಹೀಟ್‌ಸಿಂಕ್‌ನ ಸಂದುಗಳಲ್ಲಿ ಕಂಬಳಿಯಂತೆ ಕಟ್ಟಿಕೊಂಡಿರುವ ದೂಳನ್ನು, ಫ್ಯಾನ್ ತಿರುಗದಂತೆ ಬೆರಳಿನಿಂದ ಹಿಡಿದು, ಬ್ಲೋವರ್‌ನಿಂದ ಊದಿ ತೆಗೆಯಿರಿ. ಕರಕರ ಸದ್ದು ಬೇರಿಂಗ್ ಸವೆದಿರುವುದರ ಲಕ್ಷಣ. ಎಣ್ಣೆ ಬಿಟ್ಟರೆ ನಾಲ್ಕು ದಿನದ ಸಮಾಧಾನವಷ್ಟೆ. ಬಳಿಕ, ವಾರಂಟಿ ಮುಗಿದಿದ್ದರೆ, ಪ್ಲಾಸ್ಟಿಕ್ ಹೊದಿಕೆಯನ್ನೂ ಹಳೆಯ ಫ್ಯಾನ್‌ಗಳನ್ನೂ ಕಳಚಿ, 120 ಮಿಲಿಮೀಟರ್‌ನ ಎರಡು ಕೇಸ್ (ಕಂಪ್ಯೂಟರ್ ಪೆಟ್ಟಿಗೆಯ) ಫ್ಯಾನ್‌ಗಳನ್ನು ಗಾಳಿ ಹೀಟ್‌ಸಿಂಕ್‌ನತ್ತ ಬೀಸುವಂತೆ ಕೇಬಲ್ ಟೈಗಳಿಂದ ಬಿಗಿಯಿರಿ. ದೊಡ್ಡ ಫ್ಯಾನ್ ನಿಧಾನವಾಗಿ ತಿರುಗಿಯೂ ಸಾಕಷ್ಟು ಗಾಳಿ ತಳ್ಳುವುದರಿಂದ ಸದ್ದೂ ತಗ್ಗುತ್ತದೆ. ಈ ಫ್ಯಾನ್‌ಗಳ ದಪ್ಪ ಸಾಮಾನ್ಯವಾಗಿ 25 ಮಿಲಿಮೀಟರ್ ಇರುವುದರಿಂದ, ಕಾರ್ಡಿನ ಕೆಳಗೆ ಅಷ್ಟು ಜಾಗವಿದೆಯೇ ಎಂದು ಕೊಳ್ಳುವ ಮುನ್ನವೇ ಅಳೆಯಿರಿ.