ತುರ್ತು ಸಂದೇಶಕ್ಕೆ ಅತ್ಯುನ್ನತ ಆದ್ಯತೆ ಕೊಟ್ಟರೂ 2 ಮಿಲಿಸೆಕೆಂಡಿನ ಗಡುವು ತಪ್ಪುತ್ತಿದೆ; ಕ್ಯಾನ್ ಬಸ್ಸಿನ ವೇಗವನ್ನು 1 ಮೆಗಾಬಿಟ್‌ಗೆ ಹೆಚ್ಚಿಸಬೇಕೇ?

ಬೇಡ. ನಾಲ್ಕು ಪ್ರೊಸೆಸರ್‌ಗಳು, ಅವು ಸಂದೇಶ ಕಳುಹಿಸಲು ಹಂಚಿಕೊಳ್ಳುವ ಒಂದೇ ತಂತಿ ಸಂಪರ್ಕವಾದ, ಸೆಕೆಂಡಿಗೆ 500 ಕಿಲೋಬಿಟ್‌ನ ಕ್ಯಾನ್ ಬಸ್, ಒಮ್ಮೊಮ್ಮೆ ಮಾತ್ರ ತಡವಾಗುವ ನಿಲುಗಡೆ ಸಂದೇಶ: ನೀವು ಬರೆದಿರುವುದು ನನ್ನದೇ ಹಳೆಯ ಕಥೆ.

ನಾನು ಪ್ಯಾಕಿಂಗ್ ಯಂತ್ರವೊಂದರ ನಿಯಂತ್ರಣ ವ್ಯವಸ್ಥೆಯನ್ನು ಬರೆಯುತ್ತಿದ್ದೆ. ಕ್ಯಾನ್‌ನಲ್ಲಿ ಸಂದೇಶದ ಗುರುತು ಸಂಖ್ಯೆ ಚಿಕ್ಕದಾದಷ್ಟೂ ಆದ್ಯತೆ ಹೆಚ್ಚು, ಹಲವು ಬೋರ್ಡ್‌ಗಳು ಒಟ್ಟಿಗೇ ಕಳುಹಿಸಲು ಹೊರಟರೆ ಆ ಸ್ಪರ್ಧೆಯಲ್ಲಿ ಚಿಕ್ಕ ಸಂಖ್ಯೆಯೇ ಗೆಲ್ಲುತ್ತದೆ ಎಂಬುದು ನಿಮಗೆ ಗೊತ್ತೇ ಇದೆ. ಹಾಗಾಗಿ ಮೋಟಾರು ನಿಲ್ಲಿಸುವ ಸಂದೇಶಕ್ಕೆ 1ನ್ನೇ ಕೊಟ್ಟೆ. 8 ಬೈಟ್‌ನ ಸಂದೇಶವೊಂದು ಹೆಚ್ಚೆಂದರೆ 135 ಬಿಟ್, ಅಂದರೆ ಈ ವೇಗದಲ್ಲಿ 270 ಮೈಕ್ರೊಸೆಕೆಂಡ್. ಆಗಲೇ ಹೊರಟಿರುವ ಒಂದು ಸಂದೇಶ ಮುಗಿಯುವವರೆಗೆ ಕಾಯ್ದು ನಂತರ ನನ್ನದು ಹೋದರೂ 540 ಮೈಕ್ರೊಸೆಕೆಂಡ್ ಮೀರುವುದಿಲ್ಲವೆಂದು ಕಾಗದದ ಮೇಲೆ ಲೆಕ್ಕ ಹಾಕಿ ನಿಶ್ಚಿಂತನಾದೆ. ಪರೀಕ್ಷೆಯ ಮೂರನೆಯ ದಿನ ಅದೇ ಸಂದೇಶ 6.1 ಮಿಲಿಸೆಕೆಂಡ್ ತೆಗೆದುಕೊಂಡಿತು.

ತಪ್ಪು ಬಸ್ಸಿನಲ್ಲಿರಲಿಲ್ಲ, ನನ್ನ ಬೋರ್ಡಿನ ಒಳಗಿತ್ತು. ಸಂದೇಶಗಳನ್ನು ಕ್ಯಾನ್ ಚಿಪ್ಪಿಗೆ ಒಪ್ಪಿಸುವ ತಂತ್ರಾಂಶವಾದ ಡ್ರೈವರ್, ಕಳುಹಿಸಬೇಕಾದವುಗಳನ್ನು ಬಂದ ಕ್ರಮದಲ್ಲೇ ಒಂದು ಸರತಿಯಲ್ಲಿ ನಿಲ್ಲಿಸುತ್ತಿತ್ತು. ಆ ಹೊತ್ತಿನಲ್ಲಿ ಸರತಿಯ ಮುಂದೆ ಯಂತ್ರದ ಆಗುಹೋಗುಗಳನ್ನು ದಾಖಲಿಸುವ, ನನ್ನದೇ ನಾಲ್ಕು ಲಾಗ್ ಸಂದೇಶಗಳಿದ್ದವು. ಅವುಗಳ ಗುರುತು ಸಂಖ್ಯೆ 1800ರ ಆಸುಪಾಸು. ಉಳಿದ ಬೋರ್ಡ್‌ಗಳು ಪ್ರತಿ 10 ಮಿಲಿಸೆಕೆಂಡಿಗೊಮ್ಮೆ ಒಟ್ಟಿಗೇ ಬಿಡುವ 20 ಸ್ಥಾನಸೂಚಕ ಸಂದೇಶಗಳ ಎದುರು ಲಾಗ್ ಸೋಲುತ್ತಲೇ ಹೋಯಿತು, ಅದರ ಬೆನ್ನ ಹಿಂದೆ ನಿಂತ ನಿಲುಗಡೆ ಸಂದೇಶಕ್ಕೆ ಸ್ಪರ್ಧೆಗೆ ಇಳಿಯುವ ಅವಕಾಶವೇ ಸಿಗಲಿಲ್ಲ. ವಿಶೇಷ ದರ್ಶನದ ಚೀಟಿ ಕೈಯಲ್ಲಿದ್ದರೂ ಅದನ್ನು ತೋರಿಸುವ ಬಾಗಿಲಿಗೆ ತಲುಪಲು ಸಾಮಾನ್ಯ ಸರತಿಯಲ್ಲೇ ನಿಂತ ಹಾಗೆ. 20, ಅದರ ಮೇಲೆ 4, ಆಮೇಲೆ ನನ್ನದು 1: ಒಟ್ಟು 25 ಸಂದೇಶ, ಗರಿಷ್ಠ 6.75 ಮಿಲಿಸೆಕೆಂಡ್. ವೇಗವನ್ನು ನೀವು ಹೇಳುವಂತೆ 1 ಮೆಗಾಬಿಟ್‌ಗೆ ಏರಿಸಿದ್ದರೂ ಅದು 3.4 ಮಿಲಿಸೆಕೆಂಡಿನ ಹತ್ತಿರವೇ ಉಳಿಯುತ್ತಿತ್ತು. ಗಡುವು ಆಗಲೂ ತಪ್ಪುತ್ತಿತ್ತು.

ನನಗೆ ನಾಚಿಕೆಯೆನಿಸಿದ್ದು ಬೇರೆ ಕಾರಣಕ್ಕೆ. ಕ್ಯಾನ್ ಸಂದೇಶವೊಂದು ತಲುಪಲು ಹೆಚ್ಚೆಂದರೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಲೆಕ್ಕ ಹಾಕುವ, 1994ರಲ್ಲಿ ಸಂಶೋಧಕರಾದ ಟಿಂಡೆಲ್ ಮತ್ತು ಬರ್ನ್ಸ್ ರೂಪಿಸಿ, 2007ರಲ್ಲಿ ಡೇವಿಸ್ ಮತ್ತು ಸಂಗಡಿಗರು ತಿದ್ದಿದ ಗರಿಷ್ಠ ಪ್ರತಿಕ್ರಿಯಾ ಸಮಯದ ವಿಶ್ಲೇಷಣೆಯನ್ನು ನಾನು ಓದಿಕೊಂಡಿದ್ದೆ. ಪ್ರತಿ ಬೋರ್ಡೂ ತನ್ನಲ್ಲಿರುವ ಅತಿ ಹೆಚ್ಚಿನ ಆದ್ಯತೆಯ ಸಂದೇಶವನ್ನೇ ಸ್ಪರ್ಧೆಗೆ ಇಳಿಸುತ್ತದೆ ಎಂಬುದು ಅದರ ಪೂರ್ವಷರತ್ತು. ಸೂತ್ರವನ್ನು ಬಳಸಿದೆ, ಷರತ್ತನ್ನು ದಾಟಿ ಹೋದೆ, ಡ್ರೈವರ್ ತೆರೆದು ನೋಡಲಿಲ್ಲ. ನಿಲುಗಡೆ ಸಂದೇಶ ತೆಗೆದುಕೊಳ್ಳುವ ಸರಾಸರಿ ಸಮಯ ಅರ್ಧ ಮಿಲಿಸೆಕೆಂಡಿಗಿಂತ ಕಡಿಮೆ ಇದ್ದುದರಿಂದ ಅನುಮಾನವೂ ಬರಲಿಲ್ಲ.

ನೀವು ಕೇಳಬೇಕಾದದ್ದು ಬಸ್ಸಿನ ವೇಗವನ್ನಲ್ಲ, ಡ್ರೈವರ್ ಸಂದೇಶಗಳನ್ನು ಯಾವ ಕ್ರಮದಲ್ಲಿ ಹೊರಬಿಡುತ್ತದೆ ಎಂಬುದನ್ನು. ನಾನು ಸರತಿಯನ್ನು ಗುರುತು ಸಂಖ್ಯೆಯ ಪ್ರಕಾರ ಜೋಡಿಸಿದೆ. ಬಸ್ಸಿಗೆ ಹೊರಡುವ ಮೊದಲು ಸಂದೇಶ ಕಾಯುವ ಜಾಗಗಳಾದ, ಚಿಪ್ಪಿನಲ್ಲಿದ್ದ ಮೂರು ಪ್ರಸಾರ ಬಫರ್‌ಗಳಲ್ಲಿ ಒಂದನ್ನು ನಿಲುಗಡೆ ಸಂದೇಶಕ್ಕೆಂದೇ ಖಾಲಿ ಬಿಟ್ಟೆ, ಏಕೆಂದರೆ ಮೂರನ್ನೂ ಲಾಗ್ ತುಂಬಿಕೊಂಡರೆ ಜೋಡಿಸಿದ ಸರತಿಯೂ ಹೊರಗೇ ಕಾಯಬೇಕಾಗುತ್ತದೆ. ಬಸ್ 500 ಕಿಲೋಬಿಟ್‌ನಲ್ಲೇ ಇದೆ. ಲಾಗ್ ಈಗ ಸ್ವಲ್ಪ ತಡವಾಗಿ ಬರುತ್ತದೆ, ಇಲ್ಲಿಯವರೆಗೆ ಯಾರೂ ಗಮನಿಸಿಲ್ಲ.